ಹಗುರವಾಗಲು ಗಿಡ್ಡವಾಗಲೇಬೇಕೆ?

ಹ್ಯಾಮ್ ರೇಡಿಯೊ ಪರವಾನಗಿ ಕೈಗೆ ಬಂದವರು ಬೇಗನೆ ಕೇಳುವ ಪ್ರಶ್ನೆ: ಊರಾಚೆ ಒಯ್ಯಲು ಎಂಥ ಆಂಟೆನಾ ಒಳ್ಳೆಯದು? ಅನುಭವಿಗಳಲ್ಲಿ ಹೆಚ್ಚಿನವರು ಕೊಡುವ ಸಲಹೆ ಒಂದೇ. ಜೊತೆಗೊಯ್ಯುವುದು ತಾನೇ, ಗಿಡ್ಡಗಿರಲಿ. ನಡುವೆ ಕಾಯಿಲ್ ಸುತ್ತಿದ ಎರಡು ಮೀಟರಿನ ಕಡ್ಡಿ, ಬ್ಯಾಗಿನಿಂದ ತೆಗೆದು ಸಿಕ್ಕಿಸಿದರೆ ಕೆಲಸ ಮುಗಿಯಿತು. ಹೊಸಬರಿಗೆ ತೊಂದರೆಯಾಗದಿರಲಿ ಎಂಬ ಕಾಳಜಿಯಿಂದಲೇ ಹುಟ್ಟಿದ ಸಲಹೆ ಇದು. ಆದರೂ ಅದನ್ನು ಒಪ್ಪಲು ನನಗೆ ಆಗುತ್ತಿಲ್ಲ. ಆಂಟೆನಾ ಒಯ್ಯಲು ಸುಲಭವಾಗಬೇಕಾದದ್ದು ತೂಕ ಇಳಿಸಿ, ಮಡಚಲು ಬರುವಂತೆ ಮಾಡಿ. ಉದ್ದ ಕತ್ತರಿಸಿ ಅಲ್ಲ.

ಲೆಕ್ಕ ನೋಡೋಣ. 7 ಮೆಗಾಹರ್ಟ್ಸ್‌ನ ತರಂಗಾಂತರ ಸುಮಾರು 43 ಮೀಟರ್. ಅದರ ಮುಂದೆ ಎರಡು ಮೀಟರಿನ ಕಡ್ಡಿ ತೀರಾ ಗಿಡ್ಡ. ಶಕ್ತಿಯನ್ನು ಅಲೆಯಾಗಿ ಹೊರಗೆ ಬಿಡುವ ಭಾಗವನ್ನು ವಿಕಿರಣ ರೋಧ ಎನ್ನುತ್ತೇವಲ್ಲ, ಅದು ಇಂಥ ಕಡ್ಡಿಯಲ್ಲಿ ಹೆಚ್ಚುಕಡಿಮೆ ಒಂದು ಓಮ್. ಕಾಯಿಲ್ಲಿನ ನಷ್ಟ, ನೆಲದ ನಷ್ಟ ಎರಡೂ ಸೇರಿದರೆ ಹತ್ತು ಓಮ್ ದಾಟುವುದು ತೀರಾ ಸಾಮಾನ್ಯ. ಅಂದರೆ 100 ವಾಟ್ ಕೊಟ್ಟರೆ ಗಾಳಿಗೆ ಹೋಗುವುದು ಹತ್ತಕ್ಕೂ ಕಡಿಮೆ. ಮಿಕ್ಕದ್ದೆಲ್ಲ ಕಾಯಿಲನ್ನೂ ಮಣ್ಣನ್ನೂ ಬೆಚ್ಚಗೆ ಮಾಡಿ ಮುಗಿಯುತ್ತದೆ. ಅರ್ಧ ತರಂಗದ ತಂತಿ ಡೈಪೋಲ್‌ನಲ್ಲಿ ಇದೇ ವಿಕಿರಣ ರೋಧ ಹತ್ತಾರು ಓಮ್ ಇರುತ್ತದೆ, ತಂತಿಯ ನಷ್ಟ ಒಂದೆರಡು ಓಮ್ ಅಷ್ಟೆ.

ಹಾಗಾದರೆ ಮೀಟರ್ ಚೆನ್ನಾಗಿಯೇ ತೋರಿಸುತ್ತದಲ್ಲ ಎಂದು ಕೇಳುವವರಿದ್ದಾರೆ. ನನ್ನ ಮುಖ್ಯ ತಕರಾರು ಇಲ್ಲೇ ಇದೆ. ಎಸ್‌ಡಬ್ಲ್ಯುಆರ್ ಮೀಟರ್ ಹೇಳುವುದು ರೇಡಿಯೊ ಕೊಟ್ಟ ಶಕ್ತಿಯಲ್ಲಿ ಎಷ್ಟು ಹಿಂದಿರುಗಿತು ಎಂಬುದನ್ನು ಮಾತ್ರ. ಹಿಂದಿರುಗದ ಶಕ್ತಿ ಆಕಾಶಕ್ಕೆ ಹೋಯಿತೋ ಶಾಖವಾಯಿತೋ ಅದಕ್ಕೆ ಗೊತ್ತಿಲ್ಲ. ಶಕ್ತಿಯನ್ನೆಲ್ಲ ಶಾಖವಾಗಿಸುವ 50 ಓಮ್‌ನ ಡಮ್ಮಿ ಲೋಡ್ ಸಿಕ್ಕಿಸಿ ನೋಡಿ: ಮುಳ್ಳು ಒಂದಕ್ಕೆ ಒಂದು ತೋರಿಸುತ್ತದೆ, ಪಕ್ಕದ ಬೀದಿಗೂ ದನಿ ತಲುಪುವುದಿಲ್ಲ. ಗಿಡ್ಡ ಆಂಟೆನಾಗಳ ಒಳ್ಳೆಯ ರೀಡಿಂಗ್‌ನಲ್ಲಿ ಒಂದು ಪಾಲು ನಷ್ಟದ್ದೇ ಕೊಡುಗೆ. ಅತ್ತ, 1.5 ಇರುವ ಡೈಪೋಲನ್ನು 1.1ಕ್ಕೆ ಇಳಿಸಲು ಸಂಜೆಯೆಲ್ಲ ಹೆಣಗುವ ಹುಡುಗರನ್ನು ಕಂಡಾಗ ಸಂಕಟವಾಗುತ್ತದೆ. 1.5ರಲ್ಲಿ ಹಿಂದಿರುಗುವ ಶಕ್ತಿ ಶೇ. 4, ಎರಡರಲ್ಲಿ ಶೇ. 11. ಆಚೆ ಬದಿಯ ಕಿವಿಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ. ನೂರು ವಾಟ್ ಹತ್ತಾಗುವುದು ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಡೈಪೋಲ್ ಕಟ್ಟುವುದು ಕಷ್ಟವಲ್ಲ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ಒಟ್ಟು ಉದ್ದ ಸಿಗುತ್ತದೆ: 7.1ಕ್ಕೆ ಸುಮಾರು 20 ಮೀಟರ್, ಒಂದೊಂದು ಕಡೆಗೆ ಹತ್ತು. ಮನೆ ವೈರಿಂಗ್‌ಗೆ ಬಳಸುವ ಒಂದು ಚದರ ಮಿಲಿಮೀಟರಿನ ತಂತಿ ಸಾಕು. ಇಷ್ಟು ತಂತಿ ಸುಮಾರು 300 ಗ್ರಾಂ ತೂಗುತ್ತದೆ, ಸುತ್ತಿದರೆ ಒಂದು ಅಂಗೈಯಲ್ಲಿ ಹಿಡಿಯಬಹುದು. ನಡುವೆಯೂ ತುದಿಗಳಲ್ಲೂ ಪಿವಿಸಿ ಪೈಪಿನ ತುಂಡು, ಎಳೆದು ಕಟ್ಟಲು ನೈಲಾನ್ ಹಗ್ಗ. ಪ್ಲಾಸ್ಟಿಕ್ ಹೊದಿಕೆಯ ತಂತಿಗೆ ಲೆಕ್ಕಕ್ಕಿಂತ ತುಸು ಕಡಿಮೆ ಉದ್ದ ಸಾಕಾಗುತ್ತದೆ. ಆದರೂ ಮೊದಲೇ ಕತ್ತರಿಸದೆ, ತುದಿಯನ್ನು ಹಿಂದಕ್ಕೆ ಮಡಚಿ ಸುತ್ತಿ ಹೊಂದಿಸಿಕೊಳ್ಳುವುದು ಜಾಣತನ. ಕೇಬಲ್ ಸೇರುವ ಜಾಗದಲ್ಲಿ ಅದನ್ನೇ ಕೆಲವು ಸುತ್ತು ಸುತ್ತಿದರೆ ಕೇಬಲ್ಲಿನ ಹೊರಮೈಯಲ್ಲಿ ಹರಿದುಬರುವ ಕರೆಂಟು ಬಹುಮಟ್ಟಿಗೆ ತಗ್ಗುತ್ತದೆ. ವಿದ್ಯುತ್ ಲೈನಿನ ಹತ್ತಿರ ಮಾತ್ರ ಹಗ್ಗ ಎಸೆಯಲೇಬಾರದು, ಗುಡುಗು ಕೇಳಿಸಿದರೆ ಕೆಳಗಿಳಿಸಲೇಬೇಕು.

ಇಷ್ಟು ತಂತಿಯನ್ನು ಎತ್ತರಕ್ಕೆ ಏರಿಸುವುದು ಯಾರು ಎಂಬುದು ಮುಂದಿನ ಆಕ್ಷೇಪ. ಎತ್ತರ ಹೆಚ್ಚಿದಷ್ಟೂ ಒಳ್ಳೆಯದೆಂಬ ಮಾತು ದೂರದೇಶಗಳ ಸಂಪರ್ಕಕ್ಕೆ ನಿಜ. ನಮಗೆ ಬೇಕಾದದ್ದು ಪಕ್ಕದ ಜಿಲ್ಲೆಯಾದರೆ ಲೆಕ್ಕವೇ ಬೇರೆ. ಐದಾರು ಮೀಟರ್ ಎತ್ತರದ ಬಿದಿರಿನ ಗಳದ ಮೇಲೆ ನಡುಭಾಗವನ್ನು ಏರಿಸಿ, ಎರಡೂ ತುದಿಗಳನ್ನು ಕೆಳಮುಖವಾಗಿ ಎಳೆದು ಕಟ್ಟಿದರೆ, ಅಲೆಗಳು ಹೆಚ್ಚಾಗಿ ನೇರ ಮೇಲಕ್ಕೆ ಹೋಗುತ್ತವೆ. ಹಗಲು ಹೊತ್ತಿನಲ್ಲಿ 7 ಮೆಗಾಹರ್ಟ್ಸ್ ಅಲೆಯನ್ನು ಅಯಾನುಗೋಳ ಸಾಮಾನ್ಯವಾಗಿ ಹಿಂದಕ್ಕೆ ಬಾಗಿಸಿ, ಸುತ್ತಲಿನ ಮುನ್ನೂರು ನಾನೂರು ಕಿಲೋಮೀಟರಿನೊಳಗೆ ಇಳಿಸುತ್ತದೆ. ತಂತಿ ನೆಲಕ್ಕೆ ಹತ್ತಿರವಿರುವುದರಿಂದ ಸ್ವಲ್ಪ ನಷ್ಟವಾಗುವುದು ಹೌದು, ಆದರೆ ಕಡ್ಡಿಯ ನಷ್ಟಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಪಶ್ಚಿಮಘಟ್ಟದ ಸೀಮೆಗೆ ಇದು ಹೇಳಿ ಮಾಡಿಸಿದ್ದು. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್ಟಿಗೆ ಗುಡ್ಡ ಅಡ್ಡ ಬರುತ್ತದೆ; ಮೇಲಿನಿಂದ ಇಳಿದು ಬರುವ ಅಲೆಗೆ ಗುಡ್ಡದ ಹಂಗಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು ರಸ್ತೆ, ವಿದ್ಯುತ್ತು ಕಡಿದುಹೋದ ಹಳ್ಳಿಗಳನ್ನು ನೆನೆದಾಗಲೆಲ್ಲ, ಕಣಿವೆಯಿಂದ ಬೆಂಗಳೂರಿಗೋ ಮಂಗಳೂರಿಗೋ ಹಗಲಲ್ಲಿ ಮಾತು ಮುಟ್ಟಿಸಬಲ್ಲ ಈ ಸುರುಳಿ ತಂತಿ ನಮ್ಮ ಪ್ರತಿ ಹ್ಯಾಮ್ ಬ್ಯಾಗಿನಲ್ಲೂ ಇರಬೇಕು ಅನ್ನಿಸುತ್ತದೆ.

ಜಾಗದ ಪ್ರಶ್ನೆಯನ್ನು ಮಾತ್ರ ನಾನು ತಳ್ಳಿಹಾಕಲಾರೆ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ 20 ಮೀಟರ್ ಎಲ್ಲಿಂದ ತರುವುದು? ನಡೆಯುತ್ತಲೇ ಮಾತಾಡಬೇಕಾದವರಿಗೂ ತಂತಿ ಒಗ್ಗದು. ಅಲ್ಲಿ ಗಿಡ್ಡ ಕಡ್ಡಿಯೇ ಗತಿ, ತಪ್ಪೇನಿಲ್ಲ. ಆದರೆ ಕೆರೆ ಏರಿಗೋ ಬೆಟ್ಟದ ತಪ್ಪಲಿಗೋ ಹೋಗಿ ಕುಳಿತವರು ಬಾಲ್ಕನಿಯ ಇಕ್ಕಟ್ಟನ್ನು ಅಲ್ಲಿಗೂ ಹೊತ್ತೊಯ್ಯುವುದೇಕೆ?

ದೊಡ್ಡದಾಗಿದ್ದೂ ಮಡಚಿಕೊಳ್ಳುವ ಇನ್ನೊಂದು ಆಂಟೆನಾ ಇದೆ. ಪಿವಿಸಿ ಪೈಪಿಗೆ ಉಕ್ಕಿನ ಅಳತೆ ಟೇಪಿನ ತುಂಡುಗಳನ್ನು ಬಿಗಿದು ಮಾಡುವ ಮೂರು ಕಡ್ಡಿಗಳ ಯಾಗಿ. ಅಡಗಿಸಿಟ್ಟ ಟ್ರಾನ್ಸ್‌ಮಿಟರ್ ಹುಡುಕುವ ಆಟಕ್ಕೆಂದು ಅಮೆರಿಕದ ಹ್ಯಾಮೊಬ್ಬರು ರೂಪಿಸಿದ್ದು ಈಗ ಎಲ್ಲೆಡೆ ಬಳಕೆಯಲ್ಲಿದೆ. ಒಂದು ಮೀಟರಿನಷ್ಟು ಉದ್ದದ ಈ ಟೇಪುಗಳು ಪೊದೆಗೆ ತಾಗಿದರೆ ಬಾಗುತ್ತವೆ, ಬಿಟ್ಟರೆ ಚಿಮ್ಮಿ ನೆಟ್ಟಗಾಗುತ್ತವೆ. ಬೆಸುಗೆ ಹಾಕುವ ಜಾಗದಲ್ಲಿ ಬಣ್ಣ ಕೆರೆಯಲು ಮರೆಯಬಾರದು. ಇಸ್ರೊ ಸಿದ್ಧಪಡಿಸಿ 2005ರ ಮೇ 5ರಂದು ಶ್ರೀಹರಿಕೋಟಾದಿಂದ ಹಾರಿಬಿಟ್ಟ ಹ್ಯಾಮ್‌ಸ್ಯಾಟ್ ಉಪಗ್ರಹ ಈ ಯಾಗಿ ಹಿಡಿಯುವ 145.9 ಮೆಗಾಹರ್ಟ್ಸ್ ಆಸುಪಾಸಿನಲ್ಲೇ ದನಿ ಇಳಿಸುತ್ತಿತ್ತು. ಅದು 2014ರಲ್ಲಿ ಮೌನವಾಯಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಗಗನಯಾತ್ರಿಗಳು ಶಾಲಾ ಮಕ್ಕಳೊಂದಿಗೆ 145.800ರಲ್ಲಿ ಮಾತಾಡುವಾಗ ಈ ಟೇಪಿನ ಯಾಗಿಯನ್ನು ಆಕಾಶದತ್ತ ತಿರುಗಿಸಿದರೆ ಅವರ ದನಿ ಸ್ಪಷ್ಟವಾಗಿ ಕೇಳುತ್ತದೆ.

ನನ್ನ ವಾದವನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ, ಪರೀಕ್ಷೆಗೆ ಒಂದು ಬೆಳಿಗ್ಗೆ ಸಾಕು. ಒಂದೇ ಮೈದಾನದಲ್ಲಿ ಕಡ್ಡಿಯನ್ನೂ ತಂತಿಯನ್ನೂ ನಿಲ್ಲಿಸಿ, ನಡುವೆ ಒಂದು ಕೋಯಾಕ್ಸ್ ಸ್ವಿಚ್ ಇಡಿ. 200 ಕಿಲೋಮೀಟರ್ ಆಚೆಯ ಗೆಳೆಯರೊಬ್ಬರಿಗೆ ಯಾವುದು ಯಾವುದೆಂದು ಹೇಳದೆ, ಒಂದನೆಯದು, ಎರಡನೆಯದು ಎಂದಷ್ಟೇ ಹೇಳಿ ಬದಲಿಸುತ್ತಾ ಹೋಗಿ. ಅಯಾನುಗೋಳದ ಏರಿಳಿತ ದಾರಿ ತಪ್ಪಿಸದಂತೆ ಹಲವು ಸಲ ಬದಲಿಸಿ, ಅವರ ಮೀಟರ್ ತೋರಿಸಿದ್ದನ್ನು ಬರೆದುಕೊಳ್ಳಿ. ಕಡ್ಡಿ ಗೆದ್ದರೆ ಆ ಅಂಕಿಗಳನ್ನು ನನಗೂ ಕಳಿಸಿ.