ಮೂರು ಗುಳಿ ಎಂದರೆ ಮೂರು ಪ್ರಯೋಗವಲ್ಲ

ಪಡ್ಡಿನ ಹಂಚಿನಲ್ಲಿ ನಡುವಿನ ಗುಳಿಯದು ಕೆಂಪಗಾಗಿದ್ದರೂ ಅಂಚಿನದು ಇನ್ನೂ ಬಿಳಿಚಿಕೊಂಡಿರುತ್ತದೆ. ಹಿಟ್ಟು ಒಂದೇ, ಜಾಗ ಬೇರೆ. ಜೀವವಿಜ್ಞಾನದ ಪ್ರಯೋಗಾಲಯಗಳಲ್ಲಿ ದಿನವೂ ಬಳಸುವ 96 ಗುಳಿಗಳ ಪ್ಲಾಸ್ಟಿಕ್ ಪ್ಲೇಟಿನ ಕಥೆಯೂ ಬೇರೆಯಲ್ಲ.

1951ರಲ್ಲಿ ಹಂಗೇರಿಯ ಗ್ಯೂಲಾ ತಕಾಚಿ ಇನ್‌ಫ್ಲುಯೆಂಜಾ ಪರೀಕ್ಷೆಗಾಗಿ ಅಕ್ರಿಲಿಕ್ ಹಲಗೆಯಲ್ಲಿ 72 ಗುಳಿಗಳನ್ನು ಕೊರೆಸಿದರು. ಮುಂದೆ 8 ಸಾಲು, 12 ಕಂಬಸಾಲುಗಳ ಪ್ಲೇಟೇ ರೂಢಿಯಾಯಿತು. ಎಲೈಸಾ ಪರೀಕ್ಷೆ ಅದನ್ನು ರಕ್ತನಿಧಿಗಳವರೆಗೆ ಕೊಂಡೊಯ್ದಿತು. ಗುಳಿಯಿಂದ ಗುಳಿಗೆ 9 ಮಿಲಿಮೀಟರ್ ಅಂತರ. 384 ಗುಳಿಯದರಲ್ಲಿ ಅದರರ್ಧ. ಯಾವ ಕಂಪನಿಯ ಪ್ಲೇಟಾದರೂ ಯಂತ್ರಕ್ಕೆ ಕೂರುವುದು ಈ ಒಪ್ಪಂದದಿಂದಲೇ. ಇಷ್ಟು ಶಿಸ್ತು ಅಳತೆಯಲ್ಲಿದೆ, ಎಣಿಕೆಯಲ್ಲಿ ಮಾತ್ರ ಇಲ್ಲ.

ಒಂದೇ ಫ್ಲಾಸ್ಕಿನ ಜೀವಕೋಶಗಳನ್ನು ಮೂರು ಗುಳಿಗೆ ಹಾಕಿ, ಮೂರು ಅಂಕಿ ಪಡೆದು, ಪ್ರಯೋಗ ಮೂರು ಸಲ ನಡೆಯಿತೆಂದು ಬರೆಯುವವರಿದ್ದಾರೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ನಿಜ. ಆದರೆ ಅದೇ ಪಾತ್ರೆಯ ಮೂರು ಅಗುಳು ಹಿಸುಕಿದರೆ ನಾಳಿನ ಅನ್ನದ ಬಗ್ಗೆ ಏನೂ ತಿಳಿಯದು. ಮೂರು ಗುಳಿಗಳು ಹೇಳುವುದು ಪಿಪೆಟ್ ಹಿಡಿದ ಕೈ ಎಷ್ಟು ಸ್ಥಿರ ಎಂಬುದನ್ನು. ಅದೂ ಬೇಕಾದ ಮಾಹಿತಿಯೇ. ಆದರೆ ಮೂರರ ಸರಾಸರಿಯನ್ನು ಒಂದೇ ಅಂಕಿಯಾಗಿ ಎಣಿಸಬೇಕು. ಬೇರೆ ದಿನ, ಬೇರೆ ಫ್ಲಾಸ್ಕಿನಿಂದ ಮತ್ತೆ ಮಾಡಿದಾಗಲೇ ಎರಡನೆಯದು.

ಅಂಚಿನ ತೊಂದರೆ ಇನ್ನೂ ಮೋಸದ್ದು. 96ರಲ್ಲಿ 36 ಗುಳಿಗಳು ಹೊರಸುತ್ತಿನವು. ಇನ್‌ಕ್ಯುಬೇಟರಿನಲ್ಲಿ ದಿನಗಟ್ಟಲೆ ಇಟ್ಟರೆ ಅಲ್ಲಿ ನೀರು ಹೆಚ್ಚು ಆರುತ್ತದೆ, ಉಪ್ಪೂ ಔಷಧವೂ ಗಟ್ಟಿಯಾಗುತ್ತವೆ. ಔಷಧವಿಲ್ಲದ ಹೋಲಿಕೆಯ ಗುಳಿಗಳನ್ನೆಲ್ಲ ಅಭ್ಯಾಸಬಲದಿಂದ ಅಂಚಿನ ಸಾಲಿಗೇ ಹಾಕಿದರೆ, ಕಂಡ ವ್ಯತ್ಯಾಸ ಔಷಧದ್ದೋ ಜಾಗದ್ದೋ ಹೇಳುವವರಾರು? ಇಂಥ ಫಲಿತಾಂಶ ನಂಬಿ ಮುಂದಿನ ತಂಡ ವರ್ಷಗಟ್ಟಲೆ ದುಡಿಯಬಹುದು.

ಅಂಚಿಗೆ ಬರೀ ನೀರು ತುಂಬಿ ಒಳಗಿನ 60 ಮಾತ್ರ ಬಳಸಿ ಎಂಬ ಸಲಹೆ ಹಳೆಯದು. ಕಡಿಮೆ ಅನುದಾನದಲ್ಲಿ ದಿನ ದೂಡುವ ಸಂಶೋಧನಾ ವಿದ್ಯಾರ್ಥಿಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗುಳಿ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಬಳಸಿ ಬಿಸಾಡುವ ಪ್ಲಾಸ್ಟಿಕ್ಕೂ ಹೆಚ್ಚುತ್ತದೆ. ಮಾದರಿಗಳ ಜಾಗವನ್ನು ಚೀಟಿ ಎತ್ತಿದಂತೆ ಕಲೆಸಿ ಹಾಕುವುದಕ್ಕೆ ಅಂಥ ಖರ್ಚಿಲ್ಲ. ತಾಳ್ಮೆ ಬೇಕು, ಒಂದು ನಕ್ಷೆ ಬೇಕು. ಯಾವ ಗುಳಿಯಲ್ಲಿ ಏನಿತ್ತು ಎಂಬ ಆ ನಕ್ಷೆಯನ್ನು ಪ್ರಬಂಧದ ಜೊತೆಗೇ ಕೊಡಬೇಕೆಂದು ಸಂಶೋಧನಾ ಪತ್ರಿಕೆಗಳು ಕೇಳಲಿ. ಪ್ಲೇಟ್ ಹಾಕುವ ಮುನ್ನ ಅದನ್ನು ಮಾರ್ಗದರ್ಶಕರೂ ಒಮ್ಮೆ ನೋಡಲಿ.