ಭಾಷೆ ಜಾಸ್ತಿಯಾಗಿ ಸಾಮ್ರಾಜ್ಯ ಒಡೀತಂತೆ!

ಕನ್ನಡ ಶಾಲೆಗೆ ಒಬ್ಬ ಮೇಷ್ಟ್ರನ್ನ ಕೊಡಿ, ಅರ್ಜಿ ನಮೂನೆ ಕನ್ನಡದಲ್ಲೂ ಇರಲಿ ಅಂತ ನಾವು ಕೇಳಿದಾಗೆಲ್ಲ ಯಾರಾದ್ರೂ ಒಬ್ಬ ಬುದ್ಧಿವಂತ ಇತಿಹಾಸದ ಪಾಠ ಶುರು ಮಾಡ್ತಾನೆ. "ಆಸ್ಟ್ರಿಯಾ-ಹಂಗೇರಿ ಏನಾಯ್ತು ಗೊತ್ತಾ? ಪ್ರತಿಯೊಬ್ಬನೂ ನನ್ನ ಭಾಷೆ, ನನ್ನ ಭಾಷೆ ಅಂತ ಹಠ ಹಿಡಿದ. ಸಾಮ್ರಾಜ್ಯವೇ ಚೂರಾಯ್ತು. ನಿಮಗೂ ಅದೇ ಬೇಕಾ?"

ಗೆಳೆಯರೇ, ಈ ಮಾತಿಗೆ ತಲೆ ತಗ್ಗಿಸಿ ಎದ್ದು ಬರಬೇಡಿ. ಅದು ಅರ್ಧ ಪಾಠ. ಉಳಿದರ್ಧ ನಾವು ಹೇಳ್ತೀವಿ ಕೇಳಿ.

1910ರ ಜನಗಣತಿ ಹೊತ್ತಿಗೆ ಆ ಸಾಮ್ರಾಜ್ಯದಲ್ಲಿ ಸುಮಾರು 5 ಕೋಟಿ ಜನ. ಜರ್ಮನ್, ಹಂಗೇರಿಯನ್, ಚೆಕ್, ಪೋಲಿಷ್, ಉಕ್ರೇನಿಯನ್, ರೊಮೇನಿಯನ್, ಸ್ಲೊವಾಕ್, ಸ್ಲೊವೀನ್, ಕ್ರೊಯೇಷಿಯನ್, ಸರ್ಬಿಯನ್, ಇಟಾಲಿಯನ್ ಎಲ್ಲ ಇದ್ದವು. ಯಾರೂ ಬಹುಸಂಖ್ಯಾತರಲ್ಲ. 1867ರಲ್ಲಿ ಅದನ್ನ ಎರಡು ಭಾಗ ಮಾಡಿ ಒಬ್ಬನೇ ದೊರೆ ಇಟ್ಟುಕೊಂಡರು. ಅದೇ ವರ್ಷ ಆಸ್ಟ್ರಿಯಾ ಭಾಗದ ಮೂಲ ಕಾಯ್ದೆಯ 19ನೇ ವಿಧಿ ಏನಂತು? ಎಲ್ಲ ಜನಾಂಗಗಳೂ ಸಮಾನ, ತಮ್ಮ ಭಾಷೆಯನ್ನ ಉಳಿಸಿ ಬೆಳೆಸೋ ಹಕ್ಕು ಎಲ್ಲರಿಗೂ ಉಂಟು, ಶಾಲೆ-ಕಚೇರಿಗಳಲ್ಲಿ ಆಯಾ ನಾಡಿನ ಭಾಷೆಗಳಿಗೆ ಸಮಾನ ಸ್ಥಾನ ಅಂತು. ನಮ್ಮ ಸಂವಿಧಾನದ 350ಎ ವಿಧಿ ಓದಿದವರಿಗೆ ಇದು ಎಲ್ಲೋ ಕೇಳಿದ ಹಾಗೆ ಅನ್ನಿಸಬಹುದು. ಕಾಗದದ ಮೇಲೆ ಎಲ್ಲವೂ ಚಂದ.

ಈಗ ಕಾಗದ ಬಿಟ್ಟು ಊರಿಗೆ ಬನ್ನಿ. ದಕ್ಷಿಣ ಸ್ಟೈರಿಯಾದಲ್ಲಿ ಚೆಲ್ಯೆ ಅನ್ನೋ ಸಣ್ಣ ಪಟ್ಟಣ, ಜರ್ಮನರ ಬಾಯಲ್ಲಿ ಸಿಲ್ಲಿ. ಪೇಟೆ ಒಳಗೆ ಜರ್ಮನ್ ಮಾತಾಡೋರು ಹೆಚ್ಚು, ಸುತ್ತ ಹಳ್ಳಿಗಳೆಲ್ಲ ಸ್ಲೊವೀನ್. ಹಳ್ಳಿ ಹುಡುಗರು ಓದೋಕೆ ಬರಬೇಕಾದ್ದು ಇದೇ ಪೇಟೆಯ ಹೈಸ್ಕೂಲಿಗೆ, ಜರ್ಮನ್ ಮಾಧ್ಯಮಕ್ಕೆ. ಅವರು ಕೇಳಿದ್ದು ಪ್ರತ್ಯೇಕ ರಾಜ್ಯ ಅಲ್ಲ, ಪ್ರತ್ಯೇಕ ಶಾಲೆ ಕೂಡ ಅಲ್ಲ. ಅದೇ ಶಾಲೆಯ ಕೆಳಗಿನ ತರಗತಿಗಳಲ್ಲಿ ಜರ್ಮನ್ ಜೊತೆಗೆ ಸ್ಲೊವೀನ್ ಮಾಧ್ಯಮದ ಸಮಾನಾಂತರ ತರಗತಿ. ಅಷ್ಟೇ. ಸರ್ಕಾರ ಬಜೆಟ್ಟಿನಲ್ಲಿ ಅದಕ್ಕೊಂದು ಸಣ್ಣ ಮೊತ್ತ ಇಟ್ಟಿತು. ಜರ್ಮನ್ ಉದಾರವಾದಿ ಪಕ್ಷ (ಹೆಸರು ನೋಡಿ, ಉದಾರವಾದಿ!) ಸಮ್ಮಿಶ್ರ ಸರ್ಕಾರದಿಂದ ಎದ್ದು ಹೋಯ್ತು. 1895ರ ಜೂನಿನಲ್ಲಿ ಪ್ರಧಾನಿ ವಿಂಡಿಷ್‌ಗ್ರೆಟ್ಸ್ ಸರ್ಕಾರ ಬಿತ್ತು. ಹಳ್ಳಿ ಮಕ್ಕಳ ನಾಲ್ಕು ತರಗತಿಗೆ ವಿಯೆನ್ನಾದಲ್ಲಿ ಸರ್ಕಾರವೇ ಉರುಳಿತು. ಇಲ್ಲಿ ಹಠ ಹಿಡಿದವರು ಯಾರು, ನೀವೇ ಹೇಳಿ.

ಎರಡು ವರ್ಷ ಬಿಟ್ಟು ಇನ್ನೊಂದು. 1897ರ ಏಪ್ರಿಲ್‌ನಲ್ಲಿ ಪ್ರಧಾನಿ ಬಡೇನಿ ಒಂದು ಆದೇಶ ಹೊರಡಿಸಿದ: ಬೊಹೀಮಿಯಾ, ಮೊರಾವಿಯಾದಲ್ಲಿ ಕೆಲಸ ಮಾಡೋ ಅಧಿಕಾರಿಗಳು ಚೆಕ್ ಮತ್ತು ಜರ್ಮನ್ ಎರಡನ್ನೂ ಕಲೀಬೇಕು. ಗಡುವು 1901ರವರೆಗೆ, ಅಂದ್ರೆ ನಾಲ್ಕು ವರ್ಷ. ಓದು ಕಲಿತ ಚೆಕ್ಕರಿಗೆ ಜರ್ಮನ್ ಹೇಗೂ ಬರ್ತಿತ್ತು. ಜರ್ಮನ್ ಅಧಿಕಾರಿಗೆ ಚೆಕ್ ಬರ್ತಿರಲಿಲ್ಲ, ಕಲಿಯೋ ಮನಸ್ಸೂ ಇರಲಿಲ್ಲ. ನಾಲ್ಕು ವರ್ಷದಲ್ಲಿ ಜನರ ಭಾಷೆ ಕಲೀರಿ ಅಂದಿದ್ದಕ್ಕೆ ಸಂಸತ್ತಿನಲ್ಲಿ ಕುರ್ಚಿ ಮೇಜು ಕುಟ್ಟಿ ರಂಪ, ಬೀದಿಯಲ್ಲಿ ಗಲಭೆ, ಕಡೆಗೆ ಸದನದೊಳಕ್ಕೇ ಪೊಲೀಸರು. ಆಗ ವಿಯೆನ್ನಾದಲ್ಲಿದ್ದ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಇದನ್ನೆಲ್ಲ ಗ್ಯಾಲರಿಯಲ್ಲಿ ಕೂತು ನೋಡಿ ಬರೆದಿದ್ದಾನೆ. ನವೆಂಬರಲ್ಲಿ ಬಡೇನಿ ಮನೆಗೆ ಹೋದ. 1899ರಲ್ಲಿ ಆದೇಶವೂ ಹೋಯ್ತು.

ಹಂಗೇರಿ ಭಾಗದ ಕಥೆ ಇನ್ನೂ ಕೆಟ್ಟದು. ಅಲ್ಲೂ 1868ರಲ್ಲಿ ಒಳ್ಳೆ ಕಾಯ್ದೆ ಆಗಿತ್ತು. ಏಳೇ ವರ್ಷದಲ್ಲಿ, 1875ರ ಹೊತ್ತಿಗೆ, ಸ್ಲೊವಾಕರ ಮೂರೂ ಹೈಸ್ಕೂಲಿಗೆ ಬೀಗ ಬಿತ್ತು. ಅವರ ಸಾಹಿತ್ಯ ಪರಿಷತ್ತಿನಂಥ 'ಮಾತಿತ್ಸಾ ಸ್ಲೊವೆನ್ಸ್ಕಾ'ಗೂ ಬೀಗ. 1907ರಲ್ಲಿ ಶಿಕ್ಷಣ ಮಂತ್ರಿ ಅಪ್ಪೋನಿ ತಂದ ಕಾಯ್ದೆ ಪ್ರಕಾರ ಸ್ಲೊವಾಕ್, ರೊಮೇನಿಯನ್ ಮಗು ಕೂಡ ನಾಲ್ಕನೇ ತರಗತಿ ಮುಗಿಸೋ ಹೊತ್ತಿಗೆ ಹಂಗೇರಿಯನ್ನಿನಲ್ಲಿ ಮಾತಾಡಿ ಬರೆದು ತೋರಿಸಬೇಕು. ಇಲ್ಲಾಂದ್ರೆ ಮೇಷ್ಟ್ರ ಕೆಲಸಕ್ಕೇ ಕುತ್ತು. ಅದೇ ವರ್ಷ ಅಕ್ಟೋಬರ್ 27ರಂದು ಚೆರ್ನೋವಾ ಹಳ್ಳಿಯ ಸ್ಲೊವಾಕರು, ನಾವು ಕಟ್ಟಿಸಿದ ಚರ್ಚನ್ನ ನಮ್ಮೂರಲ್ಲೇ ಹುಟ್ಟಿದ ಪಾದ್ರಿ ಹ್ಲಿಂಕಾ ಅವರೇ ಪ್ರತಿಷ್ಠೆ ಮಾಡಲಿ ಅಂತ ಅಡ್ಡ ನಿಂತರು. ಪೊಲೀಸರು ಗುಂಡು ಹಾರಿಸಿದರು. 15 ಜನ ಸತ್ತರು. 1910ರ ಚುನಾವಣೆಯಲ್ಲಿ ಹಂಗೇರಿಯ 413 ಸೀಟಲ್ಲಿ ಅಲ್ಪಸಂಖ್ಯಾತ ರಾಷ್ಟ್ರೀಯ ಪಕ್ಷಗಳಿಗೆ ಸಿಕ್ಕಿದ್ದು 8. ಹಂಗೇರಿಯನ್ ಮಾತಾಡೋರು ಅಲ್ಲಿದ್ದದ್ದು ಸುಮಾರು ಅರ್ಧದಷ್ಟು ಜನ ಅಷ್ಟೇ, ನೆನಪಿರಲಿ.

ಲೆಕ್ಕದ ಮಾತು ಬಂತು ಅಂತ ಇದನ್ನೂ ಹೇಳಿಬಿಡೋಣ. ಆಸ್ಟ್ರಿಯಾ ಗಣತಿಯಲ್ಲಿ ಕೇಳ್ತಿದ್ದದ್ದು 'ನಿನ್ನ ತಾಯ್ನುಡಿ ಯಾವುದು' ಅಂತ ಅಲ್ಲ, 'ದಿನಬಳಕೆ ಭಾಷೆ ಯಾವುದು' ಅಂತ. ಯಜಮಾನನ ಮನೇಲಿ ಕೆಲಸಕ್ಕಿರೋ ಹೆಂಗಸು ಯಜಮಾನನ ಭಾಷೆಯ ಲೆಕ್ಕಕ್ಕೆ ಸೇರಿಬಿಡ್ತಿದ್ದಳು. 1910ರಲ್ಲಿ ತ್ರಿಯೆಸ್ತೆ ನಗರದ ಇಟಾಲಿಯನ್ ಪುರಸಭೆ ಮಾಡಿದ ಗಣತಿ ಎಷ್ಟು ಹದಗೆಟ್ಟಿತ್ತು ಅಂದ್ರೆ ಸರ್ಕಾರವೇ ಮತ್ತೆ ಎಣಿಸಬೇಕಾಯ್ತು. ಸುಮಾರು 20 ಸಾವಿರ ಸ್ಲೊವೀನರು ಹೊಸದಾಗಿ ಸಿಕ್ಕಿದರು! ಗಣತಿಯವನು ಬಂದಾಗ ಪೆನ್ನು ಯಾರ ಕೈಲಿದೆ ಅಂತ ನೋಡಿ ಅಂತ ನಾವು ಸುಮ್ನೆ ಹೇಳಲ್ಲ.

ಇಷ್ಟೆಲ್ಲ ಆದ್ರೂ ಸಾಮ್ರಾಜ್ಯ ಒಡೀತಾ? ಇಲ್ಲ. 1905ರಲ್ಲಿ ಮೊರಾವಿಯಾದಲ್ಲಿ ಚೆಕ್ಕರೂ ಜರ್ಮನರೂ ಕೂತು ಮಾತಾಡಿ, ಬೇರೆಬೇರೆ ಮತದಾರರ ಪಟ್ಟಿ ಮಾಡಿಕೊಂಡು ರಾಜಿ ಆದರು. ಮುಂದೆ ಚೆಕೊಸ್ಲೊವಾಕಿಯಾದ ಮೊದಲ ಅಧ್ಯಕ್ಷನಾದ ಮಸಾರಿಕ್ ಕೂಡ ಯುದ್ಧಕ್ಕೆ ಮುಂಚೆ ಕೇಳ್ತಿದ್ದದ್ದು ಸುಧಾರಣೆ. 1914ರಲ್ಲಿ ಕರೆ ಬಂದಾಗ ಎಲ್ಲ ಭಾಷೆಯ ಹುಡುಗರೂ ಹೋಗಿ ಸೈನ್ಯ ಸೇರಿದರು. ಸೈನ್ಯದಲ್ಲಿ ಆಜ್ಞೆಗಷ್ಟೇ ಜರ್ಮನ್. ರೆಜಿಮೆಂಟಿನ ಒಳಗೆ ಸೈನಿಕರ ಭಾಷೆಯನ್ನೇ ಅಧಿಕಾರಿ ಕಲೀಬೇಕಿತ್ತು. ಸಾಯೋಕೆ ಕಳಿಸುವಾಗ ತಾಯ್ನುಡಿ ಅಡ್ಡಿ ಆಗಲಿಲ್ಲ ನೋಡಿ.

ಒಡೆದದ್ದು ಯುದ್ಧ. ಆಸ್ಟ್ರಿಯಾದ ಸಂಸತ್ತು 1914ರ ಮಾರ್ಚಿಂದ 1917ರ ಮೇವರೆಗೆ ಬಾಗಿಲು ಮುಚ್ಚಿತ್ತು. ಅಹವಾಲು ಹೇಳಿಕೊಳ್ಳೋಕೆ ಜಾಗವೇ ಇಲ್ಲ. ಚೆಕ್ ನಾಯಕ ಕ್ರಮಾರ್ಜ್‌ಗೆ ದೇಶದ್ರೋಹದ ಹೆಸರಲ್ಲಿ ಮರಣದಂಡನೆ ವಿಧಿಸಿದರು (ಆಮೇಲೆ ಕ್ಷಮಾದಾನ ಆಯ್ತು). ರಷ್ಯಾ ಗಡಿಯ ಉಕ್ರೇನಿಯನ್ ಹಳ್ಳಿಗರನ್ನ ಅನುಮಾನದ ಮೇಲೆ ಹಿಡಿದು ಗ್ರಾಜ್ ಹತ್ತಿರದ ತಾಲೆರ್‌ಹೋಫ್ ಶಿಬಿರಕ್ಕೆ ತಳ್ಳಿದರು. ಗಡಿಯಲ್ಲಿರೋ ತಪ್ಪಿಗೆ! ಆಮೇಲೆ ಹಸಿವು. ಹಂಗೇರಿ ತನ್ನ ಧಾನ್ಯವನ್ನ ಆಸ್ಟ್ರಿಯಾಕ್ಕೆ ಸರಿಯಾಗಿ ಬಿಡಲಿಲ್ಲ. 1918ರ ಜನವರಿಯಲ್ಲಿ ದಿನದ ಹಿಟ್ಟಿನ ಪಡಿ 200 ಗ್ರಾಂನಿಂದ 165ಕ್ಕೆ ಇಳೀತು. ಲಕ್ಷಾಂತರ ಕಾರ್ಮಿಕರು ಕೆಲಸ ನಿಲ್ಲಿಸಿದರು, ಮೊದಲು ಬೀದಿಗಿಳಿದವರು ಜರ್ಮನ್ ಮಾತಾಡೋ ವೀನರ್ ನಾಯ್‌ಸ್ಟಾಟ್‌ನವರು. ಫೆಬ್ರವರಿಯಲ್ಲಿ ಕತ್ತಾರೊ ಬಂದರಿನ ನಾವಿಕರು ದಂಗೆ ಎದ್ದರು.

ಆ ಜನವರಿಯಲ್ಲೂ ಸಾಮ್ರಾಜ್ಯ ಒಡೆಯೋದು ನಮ್ಮ ಗುರಿ ಅಲ್ಲ ಅಂತ ಬ್ರಿಟನ್ ಪ್ರಧಾನಿ ಲಾಯ್ಡ್ ಜಾರ್ಜ್ ಹೇಳಿದ್ದ. ಅಮೆರಿಕದ ವಿಲ್ಸನ್ ಕೇಳಿದ್ದು ಸ್ವಾಯತ್ತತೆ. ಚಕ್ರವರ್ತಿ ಕಾರ್ಲ್ ಕೊನೆಗೂ ಆಸ್ಟ್ರಿಯಾ ಭಾಗವನ್ನ ಜನಾಂಗಗಳ ಒಕ್ಕೂಟ ಮಾಡ್ತೀನಿ ಅಂದದ್ದು 1918ರ ಅಕ್ಟೋಬರ್ 16ಕ್ಕೆ. ಆಗಲೂ ಹಂಗೇರಿಯನ್ನ ಮುಟ್ಟಲಿಲ್ಲ. 12 ದಿನ ಕಳೆದು ಪ್ರಾಗ್ ಸ್ವತಂತ್ರ ಆಯ್ತು.

ಅಂದ ಹಾಗೆ, ಬಹುಪಾಲು ಒಂದೇ ಭಾಷೆಯ ಜರ್ಮನಿಯ ಕೈಸರ್ ಏನಾದ? ದೇಶ ಉಳೀತು, ನಿಜ. ಆದರೆ ಸಿಂಹಾಸನ ನವೆಂಬರ್ 9ಕ್ಕೆ ಹೋಯ್ತು, ಹನ್ನೊಂದು ಭಾಷೆಯ ಕಾರ್ಲ್‌ಗಿಂತ ಎರಡು ದಿನ ಮೊದಲೇ.

ಹೊಸ ರಾಷ್ಟ್ರಗಳು ಬಂದ ಮೇಲೆ ಎಲ್ಲ ಸರಿಹೋಯ್ತು ಅಂತ ನಾವು ಹೇಳ್ತಿಲ್ಲ. ಗಡಿಗೆರೆ ಎಳೆದಾಗ ಆಚೆ ಉಳಿದವರ ಪಾಡು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 1920ರ ಟ್ರಿಯಾನಾನ್ ಒಪ್ಪಂದದಿಂದ 30 ಲಕ್ಷದಷ್ಟು ಹಂಗೇರಿಯನ್ನರು ನೆರೆ ದೇಶಗಳ ಪಾಲಾದರು. ದಕ್ಷಿಣ ಟಿರೋಲ್‌ನ ಜರ್ಮನ್ನರು ಇಟಲಿಗೆ ಸೇರಿದರು. ಪೋಲೆಂಡ್, ರೊಮೇನಿಯಾಗಳಿಂದ ಅಲ್ಪಸಂಖ್ಯಾತರ ರಕ್ಷಣೆಗೆ ಸಹಿ ಹಾಕಿಸಿಕೊಂಡರು. ಗೆದ್ದ ಇಟಲಿಯನ್ನ ಯಾರೂ ಕೇಳಲಿಲ್ಲ. 1923ರಿಂದ ಮುಸೊಲಿನಿ ಅಲ್ಲಿನ ಶಾಲೆಗಳಿಂದ ಜರ್ಮನ್ನನ್ನ ಕಿತ್ತುಹಾಕಿದ, ಊರಿನ ಹೆಸರುಗಳನ್ನೂ ಬಿಡಲಿಲ್ಲ. ಊರಿನ ಹುಡುಗಿಯರು ಅಟ್ಟದ ಮೇಲೆ, ಕೊಟ್ಟಿಗೆಯಲ್ಲಿ ಕದ್ದುಮುಚ್ಚಿ ಮಕ್ಕಳಿಗೆ ಅಕ್ಷರ ಕಲಿಸಿದರು. ಸಿಕ್ಕಿಬಿದ್ದವರಿಗೆ ಶಿಕ್ಷೆ ಆಯ್ತು. ತ್ರಿಯೆಸ್ತೆಯ ಸ್ಲೊವೀನರ ಸಮುದಾಯ ಭವನಕ್ಕೆ 1920ರ ಜುಲೈನಲ್ಲೇ ಬೆಂಕಿ ಬಿದ್ದಿತ್ತು.

ಇನ್ನು ಆ ಚೆಲ್ಯೆ? 1918ರ ನಂತರ ಅದು ಯುಗೊಸ್ಲಾವಿಯಾ ಆದ ದೇಶಕ್ಕೆ ಸೇರಿತು. ಹೈಸ್ಕೂಲು ಸ್ಲೊವೀನ್ ಮಾಧ್ಯಮ ಆಯ್ತು. ಪೇಟೆಯ ಜರ್ಮನರು ಹೆಮ್ಮೆಯಿಂದ ಕಟ್ಟಿಸಿಕೊಂಡಿದ್ದ 'ಜರ್ಮನ್ ಭವನ'ದ ಹೆಸರು 'ಚೆಲ್ಯೆ ಭವನ' ಆಯ್ತು. ನಾಲ್ಕು ತರಗತಿ ಕೊಡೋದಿಲ್ಲ ಅಂತ ಸರ್ಕಾರ ಬೀಳಿಸಿದವರ ಮಕ್ಕಳಿಗೆ ಈಗ ಜರ್ಮನ್ ತರಗತಿ ಬೇಕಿತ್ತು.