ಸಂಪಾದಕರ ಮಾತು: ಆಕಾಶದ ಹಬ್ಬ, ನೆಲದ ಹಬ್ಬ

ಸೂರ್ಯನು ಧನುರಾಶಿಯನ್ನು ಬಿಟ್ಟು ಮಕರರಾಶಿಯನ್ನು ಪ್ರವೇಶಿಸುವ ಗಳಿಗೆಗೆ ಮೈಸೂರು, ಧಾರವಾಡ, ನಾಗಪುರವೆಂಬ ಭೇದವಿಲ್ಲ; ಪಂಚಾಂಗವನ್ನು ತೆರೆದು ಪುಣ್ಯಕಾಲವನ್ನು ಗೊತ್ತುಮಾಡಿಕೊಂಡು, ಎಳ್ಳನ್ನು ಅರೆದು ಮೈಗೆ ಹಚ್ಚಿ ಮಿಂದು, ತರ್ಪಣವನ್ನೂ ದಾನವನ್ನೂ ಯಥಾಶಕ್ತಿ ನಡೆಸುವವನು ಯಾವ ಊರಿನಲ್ಲಿದ್ದರೂ ಅವನ ಸಂಕ್ರಮಣವು ಅವನಿದ್ದಲ್ಲಿಗೇ ಬರುತ್ತದೆ. ಆದರೆ ಅದೇ ದಿವಸ ನಮ್ಮವರು ಕೊಂಡಾಡುವ ಸುಗ್ಗಿಯ ಮಾತು ಹಾಗಲ್ಲ. ಸುಗ್ಗಿಗೆ ಹೊಲ ಬೇಕು, ಕಣ ಬೇಕು, ಕಣದಲ್ಲಿ ರಾಶಿ ಬೇಕು, ರಾಶಿಯನ್ನು ಪೂಜಿಸಿ ಮೊದಲ ಮೊರದ ಕಾಳನ್ನು ಬೇಡಿ ಬಂದವರ ಸೆರಗಿಗೆ ಸುರಿಯುವ ಒಕ್ಕಲಿಗ ಬೇಕು. ಒಂದೇ ಹೆಸರಿನಿಂದ ಒಂದೇ ಬೆಳಗಿನಲ್ಲಿ ನಡೆಯುವ ಈ ಎರಡು ಹಬ್ಬಗಳಲ್ಲಿ ಆಕಾಶದ ಹಬ್ಬವು ನಮ್ಮೊಡನೆ ರೈಲು ಹತ್ತಿ ಬರಬಲ್ಲುದು. ನೆಲದ ಹಬ್ಬ ಬರಲಾರದು. ನಾಗಪುರದಲ್ಲಿ ನೆಲಸಿದ ಕನ್ನಡಿಗರು ಪ್ರತಿವರ್ಷವೂ ಶ್ರದ್ಧೆಯಿಂದ ಆಚರಿಸುತ್ತ ಬಂದಿರುವುದು ಮೊದಲನೆಯದನ್ನು ಮಾತ್ರವೇ ಎಂಬ ಶಂಕೆಯನ್ನು, ಈ ಸಂಕ್ರಾಂತಿ ಸಂಚಿಕೆಯನ್ನು ಓದುಗರ ಕೈಯಲ್ಲಿಡುವ ಹೊತ್ತಿನಲ್ಲಿ, ಮುಚ್ಚಿಡದೆ ಹೇಳಿಬಿಡುವುದು ಮೇಲು.

ಆಕಾಶದ ಹಬ್ಬವಾದರೂ ಅಚಲವೇನಲ್ಲ. ಹಗಲು ಬೆಳೆಯತೊಡಗುವ ನಿಜವಾದ ಉತ್ತರಾಯಣವು ಡಿಸೆಂಬರ್ 21 ಅಥವಾ 22ಕ್ಕೇ ಆರಂಭವಾಗಿಬಿಡುತ್ತದೆ. ಅಯನಚಲನದ ದೆಸೆಯಿಂದ ನಮ್ಮ ಸಂಕ್ರಾಂತಿಯು ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅದರಿಂದ ದೂರ ಸರಿಯುತ್ತಲಿದೆ. ವಿವೇಕಾನಂದರು ಹುಟ್ಟಿದ 1863ರ ಸಂಕ್ರಾಂತಿ ಜನವರಿ 12ರಂದು ಬಿದ್ದಿತ್ತು. ನಮಗೀಗ ಅದು 14 ಅಥವಾ 15. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಉತ್ತರಾಯಣ ಸಂಕ್ರಮಣದ ಪುಣ್ಯತಿಥಿಯಂದು ದೇವಾಲಯಕ್ಕೋ ಅಗ್ರಹಾರಕ್ಕೋ ಭೂಮಿಯನ್ನು ಧಾರೆಯೆರೆದು ಕೊಟ್ಟ ಉಲ್ಲೇಖಗಳು ಹೇರಳವಾಗಿ ಬರುತ್ತವೆ. ಅವುಗಳ ಕಾಲವನ್ನು ಗಣಿಸಿದವರು ಆ ದಿನಗಳು ಡಿಸೆಂಬರಿನ ಕೊನೆಯ ವಾರಕ್ಕೆ ಸಲ್ಲುವುದನ್ನು ಕಂಡಿದ್ದಾರೆ. ಹಬ್ಬದ ದಿವಸವೇ ಹೀಗೆ ನಡೆಯುತ್ತಿರುವಾಗ, ಅದನ್ನು ಆಚರಿಸುವ ಕ್ರಮದಲ್ಲಿ ಒಂದಿಷ್ಟು ಹೆಜ್ಜೆ ಕದಲಿಸಿದರೆ ಪ್ರತ್ಯವಾಯ ಬಂದೀತೆಂದು ಅಂಜಬೇಕಾದುದಿಲ್ಲ.

ಶಾಸನದ ಪ್ರಸ್ತಾಪ ಬಂದುದರಿಂದ ಇನ್ನೊಂದು ಮಾತು. ನಾಗಪುರವೆಂಬ ಹೆಸರು ಮೊತ್ತಮೊದಲು ಕಾಣಿಸಿಕೊಳ್ಳುವುದು ನೆರೆಯ ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ, ಶಕ ವರ್ಷ 862ರ, ಎಂದರೆ ಕ್ರಿ.ಶ. 940ರ ತಾಮ್ರಶಾಸನದಲ್ಲಿ. ನಾಗಪುರ-ನಂದಿವರ್ಧನ ವಿಷಯದ ಒಂದು ಗ್ರಾಮವನ್ನು ದಾನ ಕೊಟ್ಟ ಈ ಶಾಸನವನ್ನು ಹೊರಡಿಸಿದವನು ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ. ಪೊನ್ನನಿಗೆ ಉಭಯಕವಿಚಕ್ರವರ್ತಿಯೆಂಬ ಬಿರುದನ್ನಿತ್ತ ಅರಸು. ನಂದಿವರ್ಧನವೆಂದರೆ ರಾಮಟೇಕದ ಬಳಿಯ ಇಂದಿನ ನಗರಧನವೆಂದು ವಿದ್ವಾಂಸರು ಗುರುತಿಸುತ್ತಾರೆ. ಇದೇ ಕೃಷ್ಣನನ್ನು ಹೊಗಳುವ ಕನ್ನಡದ ಶಾಸನವೊಂದು ಇಲ್ಲಿಂದಲೂ ಬಡಗಣಕ್ಕೆ, ಮಧ್ಯಪ್ರದೇಶದ ಜುರಾ ಎಂಬ ಹಳ್ಳಿಯಲ್ಲಿದೆ. ಇದನ್ನು ಹೇಳಿದುದು ಎದೆ ತಟ್ಟಿಕೊಂಡು ಈ ಊರೂ ನಮ್ಮದೇ ಎಂದು ಸಾರುವುದಕ್ಕಲ್ಲ; ಅಂಥ ಸಾರೋಣೆಗಳಿಂದ ಒಂದು ಹಿಡಿ ಜೋಳವೂ ಬೆಳೆಯದು. ಪರದೇಶಕ್ಕೆ ಬಂದು ಬಿದ್ದವರಂತೆ ನಾವು ಇಲ್ಲಿ ಮುದುಡಿ ಬಾಳಬೇಕಾದ ಕಾರಣವಿಲ್ಲವೆಂಬುದಷ್ಟೇ ಅಭಿಪ್ರಾಯ.

ಸಮೀಪದ ಇತಿಹಾಸವೂ ಇದಕ್ಕೆ ಒತ್ತಾಸೆಯಾಗಿದೆ. 1920ರ ಡಿಸೆಂಬರಿನಲ್ಲಿ ವಿಜಯರಾಘವಾಚಾರ್ಯರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಮಹಾಸಭೆಯು ಸೇರಿದುದು ಈ ನಾಗಪುರದಲ್ಲಿ. ಭಾಷೆಯ ಆಧಾರದ ಮೇಲೆ ಪ್ರಾಂತಿಕ ಸಮಿತಿಗಳನ್ನು ರಚಿಸಬೇಕೆಂದು ಒಪ್ಪಿ, ಮುಂಬಯಿ, ಮದರಾಸು, ಹೈದರಾಬಾದು, ಮೈಸೂರೆಂದು ಹರಿದು ಹಂಚಿಹೋಗಿದ್ದ ಕನ್ನಡನಾಡನ್ನು ಒಂದು ಪ್ರಾಂತವೆಂದು ಕಾಂಗ್ರೆಸ್ಸು ಎಣಿಸತೊಡಗಿದುದು ಇಲ್ಲಿಂದಲೇ. 1923ರ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು ತಮ್ಮ ಸಂಗಡಿಗರೊಡನೆ ಬಂದು ಇಲ್ಲಿಯ ಸೆರೆಮನೆಯ ಅನ್ನವನ್ನು ಉಂಡರು. ಆ ವರ್ಷದ ಕೊನೆಯಲ್ಲಿಯೇ ಕಾಕಿನಾಡಿನಲ್ಲಿ ಅವರ ಹಿಂದೂಸ್ಥಾನಿ ಸೇವಾದಳ ಹುಟ್ಟಿತು. ಕಡೆಗೆ 1956ರ ನವೆಂಬರ್ 1ರಂದು ಕನ್ನಡಿಗರ ರಾಜ್ಯವು ಒಂದಾದುದೂ, ಮಧ್ಯಪ್ರದೇಶದ ರಾಜಧಾನಿಯಾಗಿದ್ದ ನಾಗಪುರವು ಆ ಪದವಿಯನ್ನು ಕಳೆದುಕೊಂಡು ಮುಂಬಯಿ ರಾಜ್ಯಕ್ಕೆ ಸೇರಿದುದೂ ಒಂದೇ ದಿವಸ. ನಮ್ಮ ಸಂಘಸಂಸ್ಥೆಗಳ ರಾಜ್ಯೋತ್ಸವದ ಭಾಷಣಗಳಲ್ಲಿ ಈ ಕಡೆಯ ಸಂಗತಿಯನ್ನು ನೆನೆಯುವ ಸೌಜನ್ಯ ಅಪರೂಪ.

ಇನ್ನು ನಾಗಪುರದ ಕನ್ನಡಿಗರೆಂದರೆ ಯಾರು? ರೈಲ್ವೆ, ಅಂಚೆ-ತಂತಿ, ಮಹಾಲೇಖಪಾಲರ ಕಚೇರಿಗಳಿಗೆ ವರ್ಗವಾಗಿ ಬಂದವರು, ಬ್ಯಾಂಕುಗಳವರು, ಗಣಿ ಮತ್ತು ಕಲ್ಲಿದ್ದಲಿನ ಕೆಲಸದವರು, ಪರಿಸರ, ಹತ್ತಿ, ಮಣ್ಣುಗಳ ಸಂಶೋಧನಾಲಯಗಳ ವಿಜ್ಞಾನಿಗಳು, ಹೋಟೆಲು ಇಟ್ಟ ಉಡುಪಿಯ ಕಡೆಯವರು. ಇವರೆಲ್ಲರನ್ನೂ ಒಂದು ಸಭಾಭವನದಲ್ಲಿ ಕೂಡಿಸಿ ಇದು ನಮ್ಮ ಸುಗ್ಗಿಯ ಹಬ್ಬ ಎಂದರೆ ಅರ್ಧದಷ್ಟು ಜನ ಮನಸ್ಸಿನಲ್ಲಿಯೇ ತಲೆಯಲ್ಲಾಡಿಸಬೇಕಾಗುತ್ತದೆ. ಕರಾವಳಿಯವನಿಗೆ ತೆನೆಯನ್ನು ಮನೆ ತುಂಬಿಸಿಕೊಂಡು ಕದಿರು ಕಟ್ಟಿ ಹೊಸ ಅಕ್ಕಿಯನ್ನು ಉಣ್ಣುವ ಹಬ್ಬ ನವರಾತ್ರಿಯ ಆಸುಪಾಸಿನಲ್ಲಿಯೇ ಮುಗಿದಿರುತ್ತದೆ. ಕೊಡವರ ಪುತ್ತರಿಯು ವೃಶ್ಚಿಕಮಾಸದ ಹುಣ್ಣಿಮೆಯೊಡನೆ ಕಳೆದಿರುತ್ತದೆ. ಸಂಕ್ರಾಂತಿಯ ದಿನ ದನಕರುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುವುದು ಮಂಡ್ಯ-ಮೈಸೂರಿನ ಕಡೆಯ ಸಂಭ್ರಮ. ಧಾರವಾಡದವನ ಎತ್ತುಗಳಿಗೆ ಆ ಗೌರವ ಸಲ್ಲುವುದು ಕಾರಹುಣ್ಣಿಮೆಯಂದು. ನಾಡಿನೊಳಗೇ ಇಷ್ಟು ಬಗೆಯಾಗಿರುವ ಸುಗ್ಗಿಗೆ ಹೊರನಾಡಿನಲ್ಲಿ ಒಂದೇ ಮುಖವನ್ನು ಕೊರೆದಿಡುವ ಪ್ರಯತ್ನವು ಸ್ವಲ್ಪ ಅತಿಯಾಯಿತು.

ಆಚಾರದ ಮಟ್ಟಿಗೆ ನೋಡಿದರೆ ಧಾರವಾಡ, ವಿಜಯಪುರಗಳ ಕಡೆಯ ಕುಟುಂಬಕ್ಕೆ ಇಲ್ಲಿ ಪರಸ್ಥಳವೆಂಬ ಭಾವನೆಯೇ ಹುಟ್ಟದು. ಭೋಗಿಯ ದಿವಸದ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕಾಯಿಕಾಳುಗಳೆಲ್ಲವನ್ನೂ ಕೂಡಿಸಿ ಮಾಡಿದ ಪಲ್ಯ, ಚಳಿಯಲ್ಲಿ ಕೆಂಡದ ಮುಂದೆ ಕುಳಿತು ಎಳ್ಳಿನ ಮೇಲೆ ಸಕ್ಕರೆಯ ಪಾಕವನ್ನು ಹನಿಹನಿಯಾಗಿ ಬಿಟ್ಟು ಕೈಯಾಡಿಸಿ ಮುಳ್ಳೆಬ್ಬಿಸುವ ಕುಸುರೆಳ್ಳು: ಇವು ಮಹಲ್ ಮತ್ತು ಧರಮಪೇಠೆಯ ಮರಾಠಿ ಮನೆಗಳಲ್ಲಿಯೂ ಉಂಟು, ಹೆಸರು ಮಾತ್ರ ಬೇರೆ. ಒಳ್ಳೆಯ ಚಳಿ ಬಿದ್ದ ವರ್ಷ ಕುಸುರೆಳ್ಳಿಗೆ ಮುಳ್ಳು ಚೆನ್ನಾಗಿ ಏಳುತ್ತದೆ. ಆ ವಿಷಯದಲ್ಲಿ ನಾಗಪುರದ ಜನವರಿಯು ಧಾರವಾಡದ್ದಕ್ಕಿಂತ ಒಂದು ಕೈ ಮೇಲೆಂದು ಒಪ್ಪಲೇಬೇಕು. ಹಳೆಯ ಮೈಸೂರಿನ ಗೃಹಿಣಿಗಾದರೋ ಮೊದಮೊದಲು ಎಲ್ಲವೂ ವಿಚಿತ್ರ. ಶುಭದಿನದಲ್ಲಿ ನೆರೆಮನೆಯಾಕೆ ಕಪ್ಪು ಸೀರೆಯನ್ನುಟ್ಟು ಅರಿಸಿನ ಕುಂಕುಮಕ್ಕೆ ಕರೆಯಲು ಬಂದರೆ ಎದೆ ಧಸಕ್ಕೆನ್ನುತ್ತದೆ; ರಥಸಪ್ತಮಿಯವರೆಗೂ ಮನೆಮನೆಗಳಲ್ಲಿ ಹಂಚುವ ಬಟ್ಟಲು, ಡಬ್ಬಿ, ಬಾಚಣಿಗೆಗಳ ವಾಣವನ್ನು ಕಂಡು, ಐದು ವರ್ಷ ಬಾಳೆಹಣ್ಣು ಬೀರಿದ ತನ್ನ ನವವಧುತನದ ನೆನಪಾಗುತ್ತದೆ. ಆದರೆ ಆ ಮನೆಯಲ್ಲಿ ಪುಟ್ಟ ಮಗುವಿಗೆ ಕುಸುರೆಳ್ಳಿನ ಒಡವೆಗಳನ್ನು ತೊಡಿಸಿ, ತಲೆಯ ಮೇಲೆ ಬೋರೆಹಣ್ಣು, ಮಂಡಕ್ಕಿ, ಕಬ್ಬಿನ ಚೂರುಗಳನ್ನು ಸುರಿದು, ನೆರೆದ ಮಕ್ಕಳು ಬಾಚಿಕೊಳ್ಳಲೆಂದು ಬಿಡುವುದನ್ನು ನೋಡಿದೊಡನೆ, ತವರಿನಲ್ಲಿ ಎಲಚಿಹಣ್ಣು, ಕಬ್ಬು, ಪುಡಿಕಾಸುಗಳನ್ನು ಎರೆದು ದೃಷ್ಟಿ ತೆಗೆಯುವುದು ಇದೇ ಎಂದು ಆಕೆ ಅರಿಯದಿರಳು. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು ಎಂಬುದನ್ನು ಎರಡೂ ಭಾಷೆಯವರು ಒಬ್ಬರಿಂದೊಬ್ಬರು ಕಲಿತರೋ, ಒಂದೇ ಅಜ್ಜಿಯಿಂದ ಕಲಿತರೋ, ತೀರ್ಮಾನಿಸುವ ಗೋಜು ನಮಗೆ ಬೇಡ.

ಹೀಗಿರಲು ನಷ್ಟವಾಗಿರುವುದು ಆಚಾರವಲ್ಲ. ನಷ್ಟವಾಗಿರುವುದು ಋತು. ಕರ್ನಾಟಕದಲ್ಲಿರುವಂತೆ ಇಲ್ಲಿ ಸಂಕ್ರಾಂತಿಗೆ ಸಾರ್ವತ್ರಿಕ ರಜೆಯಿಲ್ಲವಾದುದರಿಂದ ಹಬ್ಬವನ್ನು ಅನುಕೂಲವಾದ ಭಾನುವಾರಕ್ಕೆ ನೂಕಿ, ಬೆಂಗಳೂರಿನಿಂದ ತರಿಸಿದ ಸಕ್ಕರೆಯ ಅಚ್ಚನ್ನೂ, ದಾರಿಯಲ್ಲಿ ಬಾಡಿದ ಸೊಗಡಿನ ಅವರೆಯನ್ನೂ ಹಂಚಿ, ವೇದಿಕೆಯ ಮೇಲೆ ಕೋಲಾಟವಾಡಿಸಿ, ರಟ್ಟಿನ ಎತ್ತಿನ ಪಕ್ಕದಲ್ಲಿ ಮಕ್ಕಳನ್ನು ನಿಲ್ಲಿಸಿ ಛಾಯಾಚಿತ್ರ ತೆಗೆಸಿ ಮನೆಗೆ ಹೋಗುತ್ತೇವೆ. ಕಷ್ಟಪಟ್ಟು ಇದನ್ನೆಲ್ಲ ಏರ್ಪಡಿಸುವ ಸ್ವಯಂಸೇವಕರ ಮೇಲೆ ನನಗೆ ಗೌರವವೇ ಉಂಟು. ಬೆಂಗಳೂರಿನ ಬಡಾವಣೆಗಳಲ್ಲಿಯೂ ಹಬ್ಬದ ಗತಿ ಇದಕ್ಕಿಂತ ಬೇರೆಯಲ್ಲ; ಹೊಲವನ್ನು ಅಗಲಿದವನಿಗೆ ಹತ್ತು ಹರದಾರಿಯೂ ಒಂದೇ, ಸಾವಿರ ಮೈಲಿಯೂ ಒಂದೇ. ಆದರೆ ನಮ್ಮ ಸಭಾಭವನದ ಕಿಟಕಿಯಾಚೆಗೆ ಆ ಕ್ಷಣದಲ್ಲಿಯೇ ನಿಜವಾದ ಸುಗ್ಗಿಯೊಂದು ನಡೆಯುತ್ತಿರುವಾಗ ರಟ್ಟಿನ ಎತ್ತನ್ನು ಶೃಂಗರಿಸುತ್ತ ಕೂರುವುದು ಸರಿಯೆ?

ವಿದರ್ಭದ ನೆಲವು ಎರೆಯ ನೆಲ. ಗದಗು, ನವಲಗುಂದ, ಕಲಬುರಗಿಗಳಲ್ಲಿ ಹಾಸಿರುವ ಅದೇ ಕರಿಯ ಮಣ್ಣಿನ ಮುಂದುವರಿಕೆ. ಜಮಶೇಟಜಿ ಟಾಟಾ ಅವರು 1877ರ ಹೊಸ ವರ್ಷದಂದು ಎಂಪ್ರೆಸ್ ಗಿರಣಿಯನ್ನು ಇಲ್ಲಿ ತೆರೆದುದು ಈ ಮಣ್ಣಿನ ಹತ್ತಿಯನ್ನು ನಂಬಿ. ಗಿರಣಿಯು ಮುಚ್ಚಿಹೋಗಿದೆ, ಹತ್ತಿಯು ನಿಂತಿಲ್ಲ. ಸಂಕ್ರಾಂತಿಯ ವೇಳೆಗೆ ಹೊಲಗಳಲ್ಲಿ ಹತ್ತಿ ಬಿಡಿಸುವುದು ಸಾಗಿರುತ್ತದೆ. ತೊಗರಿ ಕೊಯ್ಲಿಗೆ ಬಂದಿರುತ್ತದೆ. ಕಾಟೋಲು, ನರಖೇಡುಗಳ ತೋಟಗಳಿಂದ ಕಿತ್ತಳೆಯು ಕಳಮನಾ ಮಾರುಕಟ್ಟೆಗೆ ಬಂದು ಗುಡ್ಡೆಬೀಳುತ್ತದೆ. ನಾವು ಸೀತನಿಯೆನ್ನುವ ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಬೆಲ್ಲದೊಡನೆಯೋ ಶೇಂಗಾ ಚಟ್ನಿಯೊಡನೆಯೋ ತಿನ್ನುವ ಭಾಗ್ಯ ಹುರಡಾ ಎಂಬ ಹೆಸರಿನಿಂದ ಇಲ್ಲಿಯ ಹೊಲಗಳಲ್ಲಿಯೂ ದೊರೆಯುತ್ತದೆ. ಅವರೆ ಇಲ್ಲದೆ ಹುಗ್ಗಿಯೆಂತು ಎಂದು ಮರುಗುವವರು, ಈ ನಾಡಿನವರು ಸೋಲೆ ಎನ್ನುವ ಹಸಿ ತೊಗರಿಯ ಕಾಳನ್ನು ಒಮ್ಮೆ ಹಾಕಿ ನೋಡಬೇಕು. ಅವರೆಯ ಸೊಗಡು ಬಾರದು, ಆದರೆ ಬೆಳಗ್ಗೆ ಗಿಡದಿಂದ ಕಿತ್ತುದರ ರುಚಿಯು ಬಂದೇ ಬರುತ್ತದೆ. ಎತ್ತಿಗೆ ಆರತಿಯೆತ್ತುವ ಬಯಕೆಯುಳ್ಳವರು ಶ್ರಾವಣದ ಅಮಾವಾಸ್ಯೆಯ ಪೋಳಾಕ್ಕೆ ಯಾವುದಾದರೊಂದು ಹಳ್ಳಿಗೆ ಹೋಗಬಹುದು. ಮರುದಿನ ತಾನ್ಹಾ ಪೋಳಾದಲ್ಲಿ ಈ ಊರಿನ ಮಕ್ಕಳು ಮರದ ಎತ್ತುಗಳನ್ನು ಎಳೆದುಕೊಂಡು ಬೀದಿಬೀದಿ ತಿರುಗುವಾಗ ನಮ್ಮ ಮಕ್ಕಳ ಕೈಗೂ ಒಂದು ಹಗ್ಗವನ್ನು ಕೊಡಬಹುದು.

ಇದೆಲ್ಲವೂ ಬರಿಯ ವಿಹಾರವಾಗಬಾರದು. ವಿದರ್ಭದ ಹೆಸರು ಕನ್ನಡದ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ರೈತರ ಆತ್ಮಹತ್ಯೆಯ ವಾರ್ತೆಯಲ್ಲಿ. ಮಳೆಯನ್ನೇ ನಂಬಿದ ಹತ್ತಿ, ಏರಿಳಿಯುವ ಧಾರಣೆ, ತೀರದ ಸಾಲ: ಈ ಕಥೆಯು ಹಾವೇರಿ, ಧಾರವಾಡಗಳ ರೈತನಿಗೆ ಬಿಡಿಸಿ ಹೇಳಬೇಕಾದುದಲ್ಲ. ಬೆಳೆದವನ ಮನೆಯಲ್ಲಿ ದೀಪವಿಲ್ಲದಿರುವಾಗ ಬೆಳೆಯ ಹಬ್ಬವನ್ನು ಪೇಟೆಯವರು ತಮ್ಮತಮ್ಮಲ್ಲಿಯೇ ಮುಗಿಸಿಕೊಳ್ಳುವುದು ಹಬ್ಬದ ಲಕ್ಷಣಕ್ಕೇ ಕೊರತೆ. ಸಂಕ್ರಾಂತಿಯ ದಾನವೆಂದರೆ ಮೂಲತಃ ಕಣದಿಂದ ಹೊರಕ್ಕೆ ಹರಿಯುತ್ತಿದ್ದ ದಾನ. ಪೇಟೆಯಲ್ಲಿ ಸಂಬಳವನ್ನುಣ್ಣುವ ನಮ್ಮ ಕಾಲದಲ್ಲಿ ಅದು ಕಣದ ಕಡೆಗೆ ಹರಿದರೆ ತಪ್ಪಿಲ್ಲ.

ಆದುದರಿಂದ ನಮ್ಮ ಸಂಘಗಳ ಹಿರಿಯರಲ್ಲಿ ಎರಡು ಬಿನ್ನಹಗಳು. ಮುಂದಿನ ಸಂಕ್ರಾಂತಿಯನ್ನು ಸಂಕ್ರಾಂತಿಯ ದಿವಸವೇ, ಕಚೇರಿ ಮುಗಿದ ಸಂಜೆಯಾದರೂ ಚಿಂತೆಯಿಲ್ಲ, ಆಚರಿಸಬೇಕು. ಮತ್ತು ಎಳ್ಳು ಬೀರುವ ಮೊದಲ ತಟ್ಟೆಯನ್ನು, ವೇದಿಕೆಯ ಮುಖ್ಯ ಅತಿಥಿಯ ಕುರ್ಚಿಯನ್ನು ಸಹ, ಕಾಟೋಲಿನ ಅಥವಾ ದೇವಳಿಯ ಬೇಸಾಯಗಾರ ದಂಪತಿಗಳಿಗೆ ಮೀಸಲಾಗಿಡಬೇಕು. ಅವರ ತೊಗರಿಯನ್ನು ದಲ್ಲಾಳಿಯ ಮಧ್ಯಸ್ಥಿಕೆಯಿಲ್ಲದೆ ನಮ್ಮ ಕುಟುಂಬಗಳು ನ್ಯಾಯವಾದ ಬೆಲೆಗೆ ಕೊಳ್ಳುವ ಏರ್ಪಾಡು ಅಂದೇ ನಡೆಯಲಿ. ಓದುಗರಲ್ಲಿ ಇನ್ನೊಂದು ಪ್ರಾರ್ಥನೆಯುಂಟು. ಈ ಊರಿಗೆ ಮೊದಲು ಬಂದ ನಿಮ್ಮ ಹಿರಿಯರು ಇಲ್ಲಿ ಸಂಕ್ರಾಂತಿಯನ್ನು ಹೇಗೆ ಮಾಡುತ್ತಿದ್ದರು, ಏನು ಸಿಗದಿದ್ದಾಗ ಏನನ್ನು ಬಳಸಿದರು, ಯಾವ ನೆರೆಯವರಿಂದ ಏನನ್ನು ಕಲಿತರು ಎಂಬುದನ್ನು ಕೇಳಿ ಬರೆದು ಕಳುಹಿಸಿದರೆ, ಯುಗಾದಿಯ ಸಂಚಿಕೆಯ ಹೆಚ್ಚಿನ ಪುಟಗಳನ್ನು ಅದಕ್ಕೆಂದೇ ತೆರವಾಗಿಡುತ್ತೇವೆ. ಬರಹಗಳು ಮಾಘಮಾಸವು ಮುಗಿಯುವುದರೊಳಗೆ ನಮ್ಮ ಕೈ ಸೇರಬೇಕು.